ಎಕ್ಸಿಟ್ ಹೊಡೆದ ರಾತ್ರಿ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಇದೇ ಥರದ ತೊಂದರೆ ಹೇಳಿಕೊಂಡು ಆಪ್ತಸಲಹೆಗೆ ನನ್ನ ಬಳಿ ಬಂದವರಲ್ಲಿ ಇವರು ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ.

ವಯಸ್ಸು 26. ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸ. ನಿದ್ದೆ ಬರುತ್ತಿಲ್ಲ ಎಂದು ಬಂದರು. ವಿಚಾರಿಸಿದರೆ, ನಿದ್ದೆ ಬರುತ್ತಿತ್ತು, ಇವರೇ ಬಿಡುತ್ತಿರಲಿಲ್ಲ. ರಾತ್ರಿ 1ಕ್ಕೆ, 3ಕ್ಕೆ, 5ಕ್ಕೆ ಅಲಾರಂ. ಎದ್ದು, ಸರ್ವರ್‌ಗೆ ಲಾಗಿನ್ ಆಗುತ್ತಾ ಅಂತ ನೋಡಿ ಮತ್ತೆ ಮಲಗುವುದು.

ಹೊಸ ಸರ್ವರ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಶುರು ಮಾಡಿದ್ದರು. ಅದು ಬಳಸುವ 22ನೇ ಪೋರ್ಟ್ (ಸಂಪರ್ಕದ ದ್ವಾರ) ಹೊರಗಿನವರಿಗೆ ತೆರೆದಿದ್ದರೆ ಪಾಸ್‌ವರ್ಡ್ ಊಹಿಸಿ ನುಗ್ಗಲು ನೋಡುವವರು ಹಗಲೂ ರಾತ್ರಿ ಬಾಗಿಲು ಬಡಿಯುತ್ತಾರೆ. ಅದಕ್ಕೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀ (ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಫೈಲ್) ಇದ್ದವರು ಮಾತ್ರ ಬರುವಂತೆ ಬದಲಿಸಿ, ಎಸ್‌ಎಸ್‌ಎಚ್ ಸೇವೆಯನ್ನು ರೀಸ್ಟಾರ್ಟ್ ಮಾಡಿದರು. ಮಾಡಬೇಕಾದ ಕೆಲಸವೇ. ಆದರೆ ಆಮೇಲೆ ಇವರಿಗೇ ಒಳಗೆ ಹೋಗಲು ಆಗಲಿಲ್ಲ. ಬೆಳಿಗ್ಗೆ ಆ ಸರ್ವರ್‌ನಲ್ಲಿ ಗ್ರಾಹಕರ ಕೆಲಸ ಶುರುವಾಗಬೇಕಿತ್ತು. ಡೇಟಾ ಸೆಂಟರ್‌ನವರು ಕನ್ಸೋಲ್ (ಎಸ್‌ಎಸ್‌ಎಚ್ ಇಲ್ಲದೆ ಸರ್ವರ್‌ಗೆ ನೇರ ಪ್ರವೇಶ) ಕೊಡುವ ಹೊತ್ತಿಗೆ ಮಧ್ಯಾಹ್ನ. ಎಲ್ಲರೆದುರು ಮ್ಯಾನೇಜರ್ "ಇಷ್ಟು ಬೇಜವಾಬ್ದಾರಿನಾ?" ಎಂದರು.

ಮೊದಲ ಎರಡು ಭೇಟಿ ನಾನು ಹಾಳು ಮಾಡಿದೆ. ಉಸಿರಾಟದ ಅಭ್ಯಾಸ, ಮಲಗುವ ಮುಂಚೆ ಫೋನ್ ಬೇಡ, ಇತ್ಯಾದಿ. ಅವರು ತಲೆಯಾಡಿಸಿ ಹೋದರು, ಅಲಾರಂ ಹಾಗೇ ಇತ್ತು. ಮೂರನೇ ಸಲ, ಆ ರಾತ್ರಿ ಏನೇನು ಟೈಪ್ ಮಾಡಿದಿರೋ ಒಂದೊಂದೇ ಹೇಳಿ ಎಂದೆ. ಈ ಕೆಲಸಕ್ಕೆ ಬರುವ ಮೊದಲು 9 ವರ್ಷ ನಾನೂ ಸರ್ವರ್ ನೋಡಿಕೊಂಡವಳೇ.

"ರೀಸ್ಟಾರ್ಟ್ ಆದಮೇಲೆ ಎಲ್ಲಿದ್ರಿ?"

"ಒಳಗೇ ಇದ್ದೆ ಮೇಡಂ."

ನಿಜ. ಸೇವೆ ರೀಸ್ಟಾರ್ಟ್ ಆದರೂ ಮೊದಲೇ ತೆರೆದಿದ್ದ ಸೆಷನ್ (ಟರ್ಮಿನಲ್ ಎಂಬ ಕಮಾಂಡ್ ಕಿಟಕಿಯಲ್ಲಿ ನಡೆಯುತ್ತಿದ್ದ ಸಂಪರ್ಕ) ಸಾಮಾನ್ಯವಾಗಿ ಕಡಿದುಹೋಗುವುದಿಲ್ಲ.

"ಮತ್ತೆ ಹೊರಗೆ ಹೇಗೆ ಬಂದ್ರಿ?"

ಸುಮಾರು ಹೊತ್ತು ಮಾತಿಲ್ಲ. "ನಾನೇ ಎಕ್ಸಿಟ್ ಹೊಡೆದೆ."

"ಯಾಕೆ?"

"ಹೊಸದಾಗಿ ಲಾಗಿನ್ ಆಗುತ್ತಾ ಟೆಸ್ಟ್ ಮಾಡೋಣ ಅಂತ."

"ಅಂದ್ರೆ ಟೆಸ್ಟ್ ಮಾಡಿದ್ರಿ. ಬೇಜವಾಬ್ದಾರಿ ಇರೋರು ಟೆಸ್ಟ್ ಮಾಡ್ತಾರಾ?"

ಅವರು ನನ್ನ ಮುಖ ನೋಡಿದರು. "ಇದನ್ನ ಮುಚ್ಚದೆ ಇನ್ನೊಂದು ಟರ್ಮಿನಲ್ ತೆಗೆದು ನೋಡಿದ್ರೆ ಸಾಕಿತ್ತಾ?"

"ಸಾಕಿತ್ತು."

ಕೀ ಕೆಲಸ ಮಾಡದ ಕಾರಣವೂ ಸಣ್ಣದು. ಹೋಮ್ ಡೈರೆಕ್ಟರಿಗೆ (ಅವರ ಖಾತೆಯ ಫೋಲ್ಡರ್, ಕೀ ಇರುವುದು ಅದರೊಳಗೆ) ಯಾರೋ 775 ಅನುಮತಿ ಕೊಟ್ಟಿದ್ದರು, ಅಂದರೆ ಅವರ ಗುಂಪಿನ ಬೇರೆ ಬಳಕೆದಾರರೂ ಅಲ್ಲಿ ಬರೆಯಬಹುದಿತ್ತು. ಗುಂಪಿನವರೂ ಬರೆಯಬಹುದಾದ ಜಾಗದಲ್ಲಿರುವ ಕೀಯನ್ನು ಎಸ್‌ಎಸ್‌ಎಚ್ ನಂಬುವುದಿಲ್ಲ. ಲಾಗ್‌ನಲ್ಲಿ (ಸರ್ವರ್‌ನ ದಾಖಲೆ ಫೈಲ್) ಅದನ್ನು ಬರೆದಿಡುತ್ತದೆ, ಆದರೆ ಲಾಗ್ ಇರುವುದು ಒಳಗೆ!

ನನ್ನ ಸಲಹೆ ಅಲ್ಲಿಂದ ಬದಲಾಯಿತು. ಇನ್ನು ಮುಂದೆ ಹುಷಾರಾಗಿರಿ ಎಂದು ನಾನು ಹೇಳಲಿಲ್ಲ. ಅವರು ರಾತ್ರಿ ಮೂರು ಸಲ ಹುಷಾರಾಗಿಯೇ ಇದ್ದರು. ಸಂರಚನೆ (ಸೆಟ್ಟಿಂಗ್) ಬದಲಿಸುವಾಗ ಹಳೆಯ ಟರ್ಮಿನಲ್ ಮುಚ್ಚಬೇಡಿ. ಎಸ್‌ಎಸ್‌ಎಚ್‌ಡಿಗೆ (ಸರ್ವರ್‌ನಲ್ಲಿ ಓಡುವ ಎಸ್‌ಎಸ್‌ಎಚ್ ಪ್ರೋಗ್ರಾಂ) ಹೈಫನ್ ಟಿ ಕೊಟ್ಟು ಸೆಟ್ಟಿಂಗ್ ಫೈಲ್ ಪರೀಕ್ಷಿಸಿ. ಅದು ಬರವಣಿಗೆಯ ತಪ್ಪು ಹಿಡಿಯುತ್ತದೆ, ನಿಮ್ಮ ಕೀ ನಡೆಯುತ್ತದೋ ಇಲ್ಲವೋ ಹೇಳುವುದಿಲ್ಲ. ಹಾಗಾಗಿ ಹೊಸ ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡಿ. ಅಪಾಯ ಜಾಸ್ತಿ ಅನಿಸಿದರೆ 10 ನಿಮಿಷದ ನಂತರ ಹಳೆಯ ಫೈಲ್ ತಾನೇ ವಾಪಸ್ ಬಂದು ಸೇವೆ ರೀಲೋಡ್ ಆಗುವಂತೆ 'ಅಟ್' ಕಮಾಂಡ್ (ಹೇಳಿದ ಸಮಯಕ್ಕೆ ಕೆಲಸ ನಡೆಸುವಂಥದ್ದು) ಇಡಿ. ಎಲ್ಲ ಸರಿ ಇದ್ದರೆ ಅದನ್ನು ರದ್ದು ಮಾಡಿ. ಇದನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿ. ಅಲಾರಂ ಮಾತ್ರ ವಾರಕ್ಕೊಂದು ತೆಗೆಯುತ್ತಾ ಬನ್ನಿ, ಮೊದಲು 3ರದ್ದು.

ಆಪ್ತಸಲಹೆ ಕೋಣೆಯಲ್ಲಿ ಸರ್ವರ್ ಪಾಠ ಮಾಡಿದಿರಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಮಾಡಿದೆ. ಎಲ್ಲ ಅಪರಾಧಿ ಭಾವಕ್ಕೂ ಬಾಲ್ಯದಲ್ಲಿ ಬೇರು ಹುಡುಕಬೇಕಿಲ್ಲ. ಇವರದು ಒಂದು ಟರ್ಮಿನಲ್ ದೂರದಲ್ಲಿತ್ತು. "ನೀವು ಒಳ್ಳೆಯವರು" ಎಂದು ಸುಮ್ನೆ ಸಮಾಧಾನ ಹೇಳಿದ್ದರೆ, ರಾತ್ರಿ ಮತ್ತೆ ಅದನ್ನೂ ಪರೀಕ್ಷಿಸುತ್ತಿದ್ದರು. ಹಾಗಂತ ಇದು ಎಲ್ಲರಿಗೂ ಆಗುವ ಮದ್ದಲ್ಲ. ನಾಲ್ವರಲ್ಲಿ ಒಬ್ಬರನ್ನು ನಾನೇ ಮನೋವೈದ್ಯರ ಬಳಿ ಕಳಿಸಿದ್ದೇನೆ.

ಆರನೇ ಭೇಟಿಯಲ್ಲಿ, ಇನ್ನೊಂದು ಸರ್ವರ್‌ನಲ್ಲಿ ಇದೇ ಬದಲಾವಣೆ ಮಾಡಿದೆ ಎಂದರು. ಹೇಗಾಯಿತು ಎಂದು ಕೇಳಿದೆ.

"ಹೊಸದರಲ್ಲಿ ಲಾಗಿನ್ ಆಯ್ತು ಮೇಡಂ. ಹಳೇದನ್ನ ಮುಚ್ಚೋಕೆ ಮರೆತು ಮಲಗಿಬಿಟ್ಟೆ. ಬೆಳಿಗ್ಗೆ 7ಕ್ಕೆ ನೋಡಿದ್ರೆ ಇನ್ನೂ ತೆರೆದೇ ಇತ್ತು."