ಅಗರಬತ್ತಿ ಬಿಡಿ, ಉಪ್ಪುಸೊಳೆ ಹಿಡಿಯಿರಿ

ನಮಸ್ಕಾರ.

ನಿಮ್ಮ ‘ವಿಸರಣೆ ಮತ್ತು ದ್ರವ್ಯ ವರ್ಗಾವಣೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾಗದು. ಕೆಮಿಕಲ್ ಎಂಜಿನಿಯರಿಂಗ್ ಓದಿ, ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ಕನ್ನಡದಲ್ಲಿ ಬರೆಯುವವರು ನಮಗೆ ಸಿಗುವುದು ಅಪರೂಪ. ಹಾಗಾಗಿ ಎರಡು ಸಾಲಿನಲ್ಲಿ ‘ವಿಷಾದ’ ತಿಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ.

ದೇವರ ಕೋಣೆಯ ಅಗರಬತ್ತಿಯ ಪರಿಮಳ ಜಗಲಿಗೆ ಬರುವುದೇ ವಿಸರಣೆ (ಅಣುಗಳು ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ತಾವಾಗಿ ಹರಡುವುದು) ಎಂದು ಶುರು ಮಾಡಿದ್ದೀರಿ. ಎಲ್ಲರೂ ಹಾಗೇ ಶುರು ಮಾಡುತ್ತಾರೆ, ಎಲ್ಲರೂ ಅಲ್ಲೇ ಎಡವುತ್ತಾರೆ. ಗಾಳಿಯಲ್ಲಿ ಇಂಥ ಅಣುಗಳ ವಿಸರಣಾಂಕ, ಅಂದರೆ ಎಷ್ಟು ಬೇಗ ಹರಡುತ್ತವೆ ಎಂಬುದರ ಅಳತೆ, ಸೆಕೆಂಡಿಗೆ ಸುಮಾರು 0.1 ಚದರ ಸೆಂಟಿಮೀಟರ್. ದೂರದ ವರ್ಗವನ್ನು ಅದರಿಂದ ಭಾಗಿಸಿ ನೋಡಿ: 3 ಮೀಟರಿಗೆ 9 ಲಕ್ಷ ಸೆಕೆಂಡು, ಅಂದರೆ ಹತ್ತು ದಿನ! ಪರಿಮಳವನ್ನು ಜಗಲಿಗೆ ಹೊತ್ತು ತರುವುದು ಗಾಳಿಯ ಓಡಾಟ. ಆ ಲೆಕ್ಕ ನಿಮಗೆ ಗೊತ್ತಿರುವುದೇ. ಮೂರನೇ ಪುಟದಲ್ಲಿ ಸೂತ್ರವನ್ನು ನೀವೇ ಬರೆದಿದ್ದೀರಿ, ಬಳಸಿಲ್ಲ ಅಷ್ಟೆ.

ವಿಸರಣೆಯ ನಿಯಮ ಕೊಟ್ಟ ಅಡಾಲ್ಫ್ ಫಿಕ್ ಎಂಜಿನಿಯರ್ ಅಲ್ಲ, ಶರೀರಕ್ರಿಯಾ ವಿಜ್ಞಾನಿ. ಶಾಖದ ಹರಿವಿಗೆ ಫೂರಿಯೆ ಕೊಟ್ಟ ನಿಯಮದ ಜಾಡಿನಲ್ಲೇ 1855ರಲ್ಲಿ ತನ್ನ ನಿಯಮ ಬರೆದ. ಪ್ರಯೋಗಕ್ಕೆ ಬಳಸಿದ್ದು ನೀರು ಮತ್ತು ಉಪ್ಪು. ಉಪ್ಪು ಎಂದಾಗ ನಿಮಗೆ ಏನೂ ಹೊಳೆಯಲಿಲ್ಲವೇ?

ಏಕೆಂದರೆ ನಾಲ್ಕನೇ ಪುಟದ ಒಂದು ಮೂಲೆಯಲ್ಲಿ, ಆಟಿ ತಿಂಗಳ ಮಳೆಗೆ ಅಮ್ಮ ಭರಣಿಯಿಂದ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ತೆಗೆದು ನೀರಿಗೆ ಹಾಕುತ್ತಿದ್ದರು, ನೀರು ಬದಲಿಸುತ್ತಲೇ ಇರುತ್ತಿದ್ದರು ಎಂದು ಒಂದು ಸಾಲು ಬರೆದು ಮುಂದೆ ಓಡಿದ್ದೀರಿ. ಲೇಖನ ಇರುವುದೇ ಅಲ್ಲಿ. ಏಕೆ ಬದಲಿಸುತ್ತಿದ್ದರು? ಸೊಳೆಯೊಳಗೆ 1 ಲೀಟರಿನಷ್ಟು ಉಪ್ಪುನೀರಿದೆ ಎನ್ನಿ. 3 ಲೀಟರ್ ನೀರನ್ನು ಒಂದೇ ಸಲ ಹೊಯ್ದು ಸಮತೋಲಕ್ಕೆ ಬರುವವರೆಗೆ ಬಿಟ್ಟರೆ ಕಾಲು ಭಾಗ ಉಪ್ಪು ಸೊಳೆಯಲ್ಲೇ ಉಳಿಯುತ್ತದೆ. ಅದೇ ನೀರನ್ನು 1 ಲೀಟರಿನಂತೆ ಮೂರು ಸಲ ಬದಲಿಸಿದರೆ ಉಳಿಯುವುದು ಎಂಟನೇ ಒಂದು. ಕಾರ್ಖಾನೆಯಲ್ಲಿ ಹಂತಹಂತವಾಗಿ ದ್ರಾವಕ ಹಾಕಿ ಸಾರ ತೆಗೆಯುವವರು ಮಾಡುವುದೂ ಇದನ್ನೇ.

‘ಚೆನ್ನಾಗಿ ಕಲಕಿದರೆ ಉಪ್ಪು ಬೇಗ ಬಿಡುತ್ತದೆ’ ಎಂಬ ನಿಮ್ಮ ಮಾತು ಅರ್ಧ ಸತ್ಯ. ಕಲಕಿದರೆ ತೆಳ್ಳಗಾಗುವುದು ಸೊಳೆಗೆ ಅಂಟಿ ನಿಂತ ನೀರಿನ ಪದರ ಮಾತ್ರ. ಒಳಗಿನ ಉಪ್ಪು ತನ್ನ ಪಾಡಿಗೆ ತೆವಳಿಯೇ ಬರಬೇಕು. ಅದಕ್ಕೆ ಮದ್ದು ಕೈಯಾಡಿಸುವುದಲ್ಲ, ಸೊಳೆಯನ್ನು ಸೀಳುವುದು: ದಪ್ಪ ಅರ್ಧವಾದರೆ ಸಮಯ ಕಾಲು ಭಾಗ. ಇಡೀ ಅಡಿಕೆಗಿಂತ ಹೋಳು ಬೇಗ ಒಣಗುವುದಕ್ಕೂ ಇದು ಒಂದು ಕಾರಣ. ಆ ಮಾತಿಗೆ ಎರಡು ಸಾಲು ಸಾಕು. ಅಡಿಕೆಯ ಬಗ್ಗೆ ನಮ್ಮಲ್ಲಿ ಲೇಖನಗಳ ರಾಶಿಯೇ ಬಿದ್ದಿದೆ.

‘ದ್ರವ್ಯ ವರ್ಗಾವಣಾ ಗುಣಾಂಕ’ (ಉಪ್ಪಿನಂಥ ದ್ರವ್ಯ ಸೊಳೆಯಿಂದ ನೀರಿಗೆ ಎಷ್ಟು ಬೇಗ ದಾಟುತ್ತದೆ ಎಂಬುದರ ಅಳತೆ) ಹನ್ನೊಂದು ಸಲ ಬಂದಿದೆ. ಒಮ್ಮೆ ಬಿಡಿಸಿ ಹೇಳಿ, ಆಮೇಲೆ ಅದರ ಕೆಲಸ ತೋರಿಸಿ. ಸಮೀಕರಣ ಒಂದೇ ಇರಲಿ.

ಅಮ್ಮನ ಹತ್ತಿರ ಕೇಳಿ: ಎಷ್ಟು ಸಲ ನೀರು ಬದಲಿಸುತ್ತಾರೆ, ಎಷ್ಟು ಹೊತ್ತು ಬಿಡುತ್ತಾರೆ, ಪಲ್ಯಕ್ಕೂ ರೊಟ್ಟಿಗೂ ಬೇರೆ ಬೇರೆ ಲೆಕ್ಕವೇ? ಚೆಲ್ಲುವ ಮುಂಚೆ ಪ್ರತಿ ಸಲದ ನೀರನ್ನೂ ನಾಲಿಗೆಗೆ ಮುಟ್ಟಿಸಿ ನೋಡಿ ಬರೆದುಕೊಳ್ಳಿ. ಏಳುನೂರು ಪದದೊಳಗೆ ಕಳಿಸಿದರೆ ಆಟಿಯ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ