ಹೆಂಚಿನ ಮುಂದಿನ ಜಾಗ

ಪ್ರಶ್ನೆ: ಮದುವೆಯಾಗಿ 11 ವರ್ಷ. ಹೆಂಡತಿ ಮೇಲೆ ಪ್ರೀತಿ ಇದೆ, ಹೇಳಲು ಬಾಯಿ ಬರುವುದಿಲ್ಲ. ಸೀರೆ ತಂದರೆ ‘ಯಾಕ ತರಲಿಕ್ಕೆ ಹೋದ್ರಿ’ ಅನ್ನುತ್ತಾಳೆ. ಈ ಬಿಸಿಲಲ್ಲಿ ಆಕೆ ರೊಟ್ಟಿ ಬಡಿಯುವುದನ್ನು ನೋಡಲಾಗದೆ ಅಡುಗೆಮನೆಗೆ ಹೋದರೆ ‘ನೀವು ಹೊರಗ ಕುಂದರ್ರಿ’ ಎಂದು ಕಳಿಸುತ್ತಾಳೆ. ಏನು ಮಾಡಲಿ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಅರ್ಧಕ್ಕೆ ಬಿಟ್ಟ ಸಹಾಯ ಅವರಿಗೆ ಎರಡು ಕೆಲಸವಾಗುತ್ತದೆ. ಹೊರಗೆ ಕಳಿಸುವುದು ಬಹುಶಃ ಅದಕ್ಕೇ. ‘ಏನು ಮಾಡಲಿ’ ಎಂದು ಅವರನ್ನೇ ಕೇಳಿದರೆ ಯೋಚಿಸುವ ಹೊರೆಯೂ ಅವರದೇ. ಒಂದೇ ಕೆಲಸ ಹಿಡಿಯಿರಿ, ತುದಿಮುಟ್ಟ ಮಾಡಿ.

ನಿಮ್ಮ ಸೀಮೆಯಲ್ಲಿ ಮೇ ತಿಂಗಳಿಗೆ ಹೊರಗೇ 40 ಡಿಗ್ರಿ ದಾಟುತ್ತದೆ. ರೊಟ್ಟಿ ಬಡಿಯುವುದು ಕೈಪಳಗಿದವರ ಕೆಲಸ, ಅದು ಅವರಿಗಿರಲಿ. ಬೆಂಕಿಯ ಮುಂದೆ ನೀವು ನಿಲ್ಲಿ.

ಮೊದಲು ಹಿಟ್ಟು. ಎರಡು ಲೋಟ ಜೋಳದ ಹಿಟ್ಟಿಗೆ ಸುಮಾರು ಒಂದೂಕಾಲು ಲೋಟ ನೀರು, ಚಿಟಿಕೆ ಉಪ್ಪು. ನೀರು ಕೊತಕೊತ ಕುದಿಯಬೇಕು. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ. ಕುದಿನೀರಿಗೆ ಹಿಟ್ಟು ಬೆಂದಾಗಲೇ ಜಿಗಿ ಬರುವುದು. ಉಗುರುಬೆಚ್ಚಗಿನ ನೀರು ಹಾಕಿದರೆ ಬಡಿಯುವಾಗ ಅಂಚು ಒಡೆಯುತ್ತದೆ. ನೀರು ಸುರಿದು ಸೌಟಿನಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಯಿಂದ ಒತ್ತಿ ನಾದಿ. ಎಲ್ಲವನ್ನೂ ಒಮ್ಮೆಗೇ ನಾದಿಟ್ಟರೆ ಒಣಗುತ್ತದೆ. ಎರಡು ರೊಟ್ಟಿಗಾಗುವಷ್ಟು ಉಂಡೆ ಮಾತ್ರ ತೆಗೆದು, ಕೈ ಒದ್ದೆ ಮಾಡಿಕೊಂಡು ಮತ್ತೆ ನಾದಿ ಅವರ ಮುಂದಿಡಿ. ಎಷ್ಟೇ ನಾದಿದರೂ ಬಿರುಕು ಬಿಟ್ಟರೆ ಹಿಟ್ಟು ಹಳೆಯದು, ತಪ್ಪು ನಿಮ್ಮದಲ್ಲ. ಮುಂದಿನ ಸಲ ಸ್ವಲ್ಪವೇ ಬೀಸಿಸಿಕೊಂಡು ಬನ್ನಿ.

ಇನ್ನು ಹೆಂಚು. ಒಣಹಿಟ್ಟು ಹತ್ತಿದ ಮಗ್ಗಲು ಮೇಲೆ ಬರುವಂತೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ಕೂಡಲೇ ಮೇಲೆಲ್ಲ ಸವರಿ. ತಡವಾದರೆ ಮೇಲ್ಭಾಗ ಒಣಗಿ ಸೀಳುತ್ತದೆ, ಆಮೇಲೆ ಉಬ್ಬುವುದಿಲ್ಲ. ಸವರಿದ ನೀರು ಆರುತ್ತಿದ್ದಂತೆ ತಿರುವಿ, ಎರಡೂ ಕಡೆ ಬೆಂದ ಮೇಲೆ ಅಂಚನ್ನು ಬಟ್ಟೆಯಿಂದ ಮೆಲ್ಲಗೆ ಒತ್ತಿ.

ಮೊದಲ ವಾರ ನಾಲ್ಕೈದು ರೊಟ್ಟಿ ಸುಟ್ಟೇ ಸುಡುತ್ತವೆ. ಅವು ನಿಮ್ಮ ತಟ್ಟೆಗೆ ಬರಲಿ. ಊಟವಾದ ಮೇಲೆ ಹಿಟ್ಟು ನಾದಿದ ಪರಾತಕ್ಕೆ ನೀರು ಹಾಕಿ ಹತ್ತು ನಿಮಿಷ ನೆನೆಸಿದರೆ ಅಂಟಿದ್ದು ಸಲೀಸಾಗಿ ಬಿಡುತ್ತದೆ. ಅದನ್ನು ತೊಳೆದು, ಕಟ್ಟೆ ಒರೆಸುವವರೆಗೂ ಕೆಲಸ ಮುಗಿದಿಲ್ಲ. ಬೀಗರ ಮುಂದೆ ‘ನಾನೇ ಮಾಡಿದ್ದು’ ಅನ್ನಬೇಡಿ, ದಯವಿಟ್ಟು.

ಇನ್ನೂ ಒಂದು ಮಾಡಬಹುದು. ವಾರಕ್ಕೊಮ್ಮೆ ನಸುಕಿನಲ್ಲಿ ಇಬ್ಬರೂ ಕೂಡಿ ಕಟಕ ರೊಟ್ಟಿ ಮಾಡಿಟ್ಟರೆ ಎರಡು ಮೂರು ಸಂಜೆ ಮೊಸರು, ಶೇಂಗಾ ಚಟ್ನಿಪುಡಿಯಲ್ಲೇ ಊಟ ಆಗುತ್ತದೆ, ಒಲೆ ಹಚ್ಚುವುದೇ ಬೇಡ.

ಪ್ರಶ್ನೆ: ನಮ್ಮ ಮನೆಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಹಗಲು ನಿದ್ದೆ ಹತ್ತುವುದಿಲ್ಲ. ನನ್ನಿಂದ ಏನಾದೀತು?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಕಿಟಕಿಗೆ ದಪ್ಪ ಗಾಢ ಬಣ್ಣದ ಚಾದರ ಕಟ್ಟಿ, ಬೆಳಕು ಬಿದ್ದರೆ ಮೈಗೆ ಹಗಲೆಂದು ಗೊತ್ತಾಗುತ್ತದೆ. ಕೂಲರ್ ಇದ್ದರೆ ಬಾಗಿಲನ್ನು ಪೂರಾ ಮುಚ್ಚಬೇಡಿ, ತೇವದ ಗಾಳಿ ಒಳಗೇ ನಿಂತು ಬೆವರು ಆರುವುದಿಲ್ಲ. ಕುಕ್ಕರ್ ಸೀಟಿಯ ಅಡುಗೆ ಅವರು ಬರುವುದರೊಳಗೆ ಮುಗಿಯಲಿ. ಅವರ ಫೋನು ನಿಮ್ಮ ಹತ್ತಿರ ಇರಲಿ, ಬಂದ ಕರೆ ಬರೆದಿಡಿ. ಕೊರಿಯರ್‌ನವರಿಗೆ, ಅಕ್ಕಪಕ್ಕದವರಿಗೆ ‘ನಾಲ್ಕರ ಮೇಲೆ ಬರ್ರಿ’ ಎಂದು ಮೊದಲೇ ಹೇಳಿಟ್ಟುಬಿಡಿ.