ನೇಪಿಯರ್ ಕಡ್ಡಿ ಚಿಗುರುತ್ತಿಲ್ಲ, ಚಿಗುರಿದ್ದನ್ನು ಹಸು ತಿನ್ನುತ್ತಿಲ್ಲ

ಪ್ರಶ್ನೆ: ಹೊಸದುರ್ಗದ ಹತ್ತಿರ ಅರ್ಧ ಎಕರೆ ಕೆಂಪು ಮಣ್ಣಿನಲ್ಲಿ ಹೈಬ್ರಿಡ್ ನೇಪಿಯರ್ ಮೇವಿನ ಹುಲ್ಲು ನಾಟಿ ಮಾಡಿದ್ದೇವೆ. ಕೊಳವೆಬಾವಿ ನೀರು. ಅರ್ಧಕ್ಕರ್ಧ ಕಡ್ಡಿ ಚಿಗುರಲಿಲ್ಲ. ಬೆಳೆದದ್ದು ಆಳೆತ್ತರ ದಾಟಿದೆ, ಹಸುಗಳು ಎಲೆ ತಿಂದು ದಂಟು ಬಿಡುತ್ತವೆ. ಇದರ ಬದಲು ಬೀಜ ಬಿತ್ತಬಹುದೇ?

ಉತ್ತರ: ಬೀಜದ ಆಸೆ ಬಿಡಿ. ಇದು ಸಜ್ಜೆ ಮತ್ತು ಆನೆಹುಲ್ಲಿನ ಮಿಶ್ರತಳಿ, ಬೀಜ ಕಟ್ಟುವುದಿಲ್ಲ. ಕಡ್ಡಿ ಇಲ್ಲವೇ ಬೇರುಸಹಿತ ಸೀಳಿದ ಬುಡ, ಇವೆರಡೇ ದಾರಿ.

ನಿಮ್ಮ ಎರಡೂ ತೊಂದರೆಗೆ ಮೊದಲು ನೋಡಬೇಕಾದದ್ದು ದಂಟಿನ ಪ್ರಾಯ. ನಾಟಿಗೆ ಬಲಿತದ್ದು ಬೇಕು, ಮೇವಿಗೆ ಎಳೆಯದು. ಮೂರರಿಂದ ನಾಲ್ಕು ತಿಂಗಳ ಬೆಳೆಯಿಂದ ಕಡ್ಡಿ ಆರಿಸಿ, ತುದಿಯ ಮೂರನೇ ಒಂದು ಭಾಗ ತೆಗೆದುಹಾಕಿ. ಹಸಿರು ತುದಿ ಬೇರು ಬಿಡುವ ಮೊದಲೇ ಕೊಳೆಯುತ್ತದೆ ಅಥವಾ ಒಣಗುತ್ತದೆ. ಎರಡು ಗಿಣ್ಣಿನ ತುಂಡು ಮಾಡಿ, ಒಂದು ಗಿಣ್ಣು ಮಣ್ಣೊಳಗೆ, ಒಂದು ಮೇಲೆ ಇರುವಂತೆ ಓರೆಯಾಗಿ ಊರಿ ಬುಡ ಒತ್ತಿ. ಕೆಳಗೆ ಪೊಳ್ಳು ಉಳಿದರೆ ಕಡ್ಡಿ ಒಣಗಿದಂತೆಯೇ. ಗಿಣ್ಣಿನಲ್ಲಿರುವ ಚಿಗುರುಕಣ್ಣಿನ ಮೊನೆ ಮೇಲ್ಮುಖವಾಗಿರಲಿ; ಕೂಲಿಯವರು ಅವಸರದಲ್ಲಿ ತಲೆಕೆಳಗಾಗಿ ಊರುವುದುಂಟು. ಕತ್ತರಿಸಿದ ಕಡ್ಡಿಯನ್ನು ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಟ್ಟು ಆದಷ್ಟು ಬೇಗ ನೆಡಿ.

ಸಾಲಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿಯಂತೆ ಅರ್ಧ ಎಕರೆಗೆ ಸುಮಾರು 3,600 ತುಂಡು. ಚಿಗುರದ ಜಾಗ ತುಂಬಲು ಇನ್ನೊಂದು 400 ಇರಲಿ. ನಾಟಿ ದಿನ ನೀರು, ಮೂರನೇ ದಿನ ಮತ್ತೆ, ಆಮೇಲೆ 7–10 ದಿನಕ್ಕೊಮ್ಮೆ. ಗೊಬ್ಬರ ಪೂರ್ತಿ ಕಳಿತಿರಬೇಕು. ಅರೆಬೆಂದ ಗೊಬ್ಬರ ಕೆಂಪು ನೆಲದಲ್ಲಿ ಗೆದ್ದಲನ್ನು ಕರೆಯುತ್ತದೆ, ಅದು ಕಡ್ಡಿಯನ್ನು ಒಳಗಿಂದ ತಿನ್ನುತ್ತದೆ. ಚಿಗುರದ ಒಂದೆರಡು ಕಡ್ಡಿ ಕಿತ್ತು ಸೀಳಿ ನೋಡಿ: ಮಣ್ಣು ತುಂಬಿದ್ದರೆ ಗೆದ್ದಲು, ಕಪ್ಪಾಗಿ ಮೆತ್ತಗಿದ್ದರೆ ನೀರು ಹೆಚ್ಚು.

ಮೊದಲ ಕಟಾವು 75–80 ದಿನಕ್ಕೆ, ಆಮೇಲೆ 40–45 ದಿನಕ್ಕೊಮ್ಮೆ. ಎತ್ತರ ನೋಡಿ ಹಿಗ್ಗಬೇಡಿ, ಎತ್ತರವಾದಷ್ಟೂ ನಾರೇ ಹೆಚ್ಚು. ನೆಲದಿಂದ ನಾಲ್ಕೈದು ಇಂಚು ಕೂಳೆ ಬಿಟ್ಟು ಕೊಯ್ದು, ನಿಮ್ಮ ಅರ್ಧ ಎಕರೆಗೆ 12 ಕೆ.ಜಿ.ಯಷ್ಟು ಯೂರಿಯಾ ಕೊಟ್ಟು ನೀರು ಹಾಯಿಸಿ. ಈಗ ಬಲಿತಿರುವ ದಂಟನ್ನು ಮೇವು ಕತ್ತರಿಸುವ ಯಂತ್ರಕ್ಕೆ ಕೊಡಿ. ಅದಕ್ಕೆ ಮೊದಲು ಅದರಲ್ಲೇ ಒಳ್ಳೆಯ ಕಡ್ಡಿ ಆರಿಸಿ ಚಿಗುರದ ಜಾಗ ತುಂಬಿ, ದುಡ್ಡು ಕೊಟ್ಟು ತರಬೇಕಿಲ್ಲ.

ಹಾಗೆಂದು ತೀರಾ ಎಳೆಯದನ್ನೂ ಕೊಯ್ಯಬೇಡಿ. ಅದರಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಆಕ್ಸಲೇಟ್ ಎಂಬ ಅಂಶ ಜಾಸ್ತಿ, ತಿಂದ ಕ್ಯಾಲ್ಸಿಯಂ ಹಸುವಿಗೆ ದಕ್ಕದು. ಅಲಸಂದೆ ಅಥವಾ ಕುದುರೆ ಮೆಂತ್ಯ ಬೆರೆಸಿ, ಖನಿಜ ಮಿಶ್ರಣ ತಪ್ಪಿಸಬೇಡಿ.

ಪ್ರಶ್ನೆ: ಚನ್ನಗಿರಿಯ ನಮ್ಮ ಅಡಿಕೆ ತೋಟದ ನಡುವೆ ನೇಪಿಯರ್ ಬರುತ್ತದೆಯೇ?

ಉತ್ತರ: ಇನ್ನೂ ಎಳೆಯ ತೋಟದಲ್ಲಿ ಬರುತ್ತದೆ, ಆದರೆ ಅಡಿಕೆಯ ನೀರು, ಗೊಬ್ಬರಕ್ಕೆ ಪೈಪೋಟಿ ಕೊಡುತ್ತದೆ. ಮರಗಳ ಗರಿ ಒಂದಕ್ಕೊಂದು ಕೂಡಿ ಚಪ್ಪರವಾದ ತೋಟದಲ್ಲಿ ಬಿಸಿಲು ಸಾಲದೆ ಸೊರಗುತ್ತದೆ. ಅಲ್ಲಿಗೆ ನೆರಳು ತಾಳುವ ಗಿನಿ ಹುಲ್ಲು ಹಾಕಿ, ನೇಪಿಯರ್ ಬಿಸಿಲು ಬೀಳುವ ಬದುವಿಗಿರಲಿ.